‘ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ’: ಸರ್ಕಾರಿ ವೆಬ್‌ಸೈಟಿನ ಒಂದು ದೂರಿನ ಬೆನ್ನು ಹತ್ತಿ

ದೂರು ಒಂದೇ ಸಾಲಿನದು. ‘ಅರ್ಜಿ ಪೂರ್ತಿ ತುಂಬಿದ್ದೇನೆ, ಸಲ್ಲಿಸು ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ.’ ಬರೆದವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾರೆ. ಸಹಾಯವಾಣಿಯವರು ಕಳಿಸಿದ ಉತ್ತರವೂ ಒಂದೇ ಸಾಲು: ‘ನಮ್ಮ ಕಡೆ ಸರಿಯಾಗಿ ಬರ್ತಿದೆ ಸರ್, ಬ್ರೌಸರಿನ ಕ್ಯಾಶ್ ಕ್ಲಿಯರ್ ಮಾಡಿ ನೋಡಿ.’ ಅವರು ಮಾಡಿದರು. ಬೇರೆ ಬ್ರೌಸರ್ ಹಾಕಿಯೂ ನೋಡಿದರು. ಮೂರನೇ ಸಲ ಬರೆದಾಗ ದೂರು ನನ್ನ ಮೇಜಿಗೆ ಬಂತು.

ಸರ್ಕಾರಿ ವೆಬ್‌ಸೈಟುಗಳಲ್ಲಿ ಅಂಗವಿಕಲರಿಗೆ ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಹುಡುಕುವುದು ನನ್ನ ಕೆಲಸ. ಈ ದೂರಿನ ಬೆನ್ನು ಹತ್ತಿದಾಗ ಗೊತ್ತಾಗಿದ್ದು ಇಷ್ಟು: ಬಟನ್ ಸರಿಯಾಗಿಯೇ ಇತ್ತು, ಅದರ ಸುತ್ತ ಇದ್ದದ್ದೆಲ್ಲ ಕೆಟ್ಟಿತ್ತು. ಇದು ಅಪರೂಪವೇನಲ್ಲ. ಜನ ದೂರಿನಲ್ಲಿ ಹೇಳುವುದು ತಾವು ನಿಂತುಹೋದ ಜಾಗವನ್ನು. ಕೆಟ್ಟಿರುವ ಜಾಗ ಸಾಮಾನ್ಯವಾಗಿ ಅದಕ್ಕಿಂತ ಎರಡು ಹೆಜ್ಜೆ ಹಿಂದೆ ಇರುತ್ತದೆ. ಹಾಗಾಗಿ ಇಲ್ಲಿ ನಿಯಮಗಳ ಪಟ್ಟಿಗಿಂತ ಹುಡುಕುವ ದಾರಿಯನ್ನೇ ಜಾಸ್ತಿ ಹೇಳುತ್ತೇನೆ.

ಕೋಡ್ ತೆರೆಯುವ ಮೊದಲು ಒಂದು ಫೋನ್

ದೂರು ಕೊಟ್ಟವರನ್ನು ನಾಲ್ಕು ಮಾತು ಕೇಳಿ. ಯಾವ ಪುಟ? ಕಂಪ್ಯೂಟರೋ, ಮೊಬೈಲೋ? ಸ್ಕ್ರೀನ್ ರೀಡರ್ ಯಾವುದು: ಎನ್‌ವಿಡಿಎ, ಜಾಸ್, ವಾಯ್ಸ್‌ಓವರ್, ಟಾಕ್‌ಬ್ಯಾಕ್? ಕೊನೆಯದು ಎಲ್ಲಕ್ಕಿಂತ ಮುಖ್ಯ: ತೊಂದರೆ ಆದ ಕ್ಷಣದಲ್ಲಿ ನಿಮಗೆ ಕೇಳಿಸಿದ ಮಾತು ಏನು?

ಸ್ಕ್ರೀನ್‌ಶಾಟ್ ಕಳಿಸಿ ಎಂದು ಮಾತ್ರ ಕೇಳಬೇಡಿ. ಕಣ್ಣು ಕಾಣದವರನ್ನು ಹಾಗೆ ಕೇಳುವ ಸಿದ್ಧ ಉತ್ತರಗಳು ಸಹಾಯವಾಣಿಗಳಲ್ಲಿ ಈಗಲೂ ಓಡಾಡುತ್ತಿವೆ.

ನಮ್ಮವರು ಸ್ವಲ್ಪ ಯೋಚಿಸಿ ಹೇಳಿದರು: ‘ಏನೂ ಹೇಳಲಿಲ್ಲ. ಒತ್ತಿದ ಮೇಲೆ ಸುಮ್ನೆ ಎಡಿಟ್, ರೀಡ್ ಓನ್ಲಿ, ಬ್ಲ್ಯಾಂಕ್ ಅಂತು, ಅಷ್ಟೇ.’

ಅವರಿಗೆ ಅದು ‘ಏನೂ ಅಲ್ಲ’. ಹುಡುಕುವವರಿಗೆ ಇಡೀ ರೋಗದ ವಿವರ ಅದರಲ್ಲೇ ಇದೆ. ‘ಎಡಿಟ್’ ಅಂದರೆ ಫೋಕಸ್ (ಕೀಬೋರ್ಡ್ ಈಗ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ಜಾಗ) ಬಟನ್ ಬಿಟ್ಟು ಯಾವುದೋ ಬರೆಯುವ ಖಾನೆಗೆ ಹೋಗಿದೆ. ಅಂದರೆ ಬಟನ್ ಕೆಲಸ ಮಾಡಿದೆ, ಪುಟ ಏನೋ ತಪ್ಪು ಹಿಡಿದು ಅಲ್ಲಿಗೆ ಎಳೆದುಕೊಂಡು ಹೋಗಿದೆ. ಖಾನೆಯ ಹೆಸರು ಕೇಳಿಸಿಲ್ಲ, ಹಾಗಾದರೆ ಲೇಬಲ್ ಇಲ್ಲ. ‘ರೀಡ್ ಓನ್ಲಿ’ ಅಂದರೆ ಅದರಲ್ಲಿ ಟೈಪ್ ಮಾಡಲು ಬಿಡುವುದಿಲ್ಲ. ‘ಬ್ಲ್ಯಾಂಕ್’ ಅಂದರೆ ಖಾಲಿ. ಹೆಸರಿಲ್ಲದ, ಬರೆಯಲಾಗದ, ಖಾಲಿ ಖಾನೆ. ಪುಟ ತೆರೆಯುವ ಮೊದಲೇ ನಾನು ಊಹಿಸಿದ್ದು ಕ್ಯಾಲೆಂಡರ್ ಇರುವ ಜನ್ಮ ದಿನಾಂಕದ ಖಾನೆ. ಅದೇ ಆಗಿತ್ತು.

ಉಪಕರಣದಿಂದ ಶುರು ಮಾಡಬೇಡಿ

ಇಂತಹ ದೂರು ಬಂದ ಕೂಡಲೇ ಹೆಚ್ಚಿನ ತಂಡಗಳು ಮಾಡುವುದು ಒಂದೇ: ಪುಟದ ತಪ್ಪುಗಳನ್ನು ತಾನಾಗಿ ಹುಡುಕುವ ಆಕ್ಸ್, ವೇವ್, ಲೈಟ್‌ಹೌಸ್ ಉಪಕರಣಗಳಲ್ಲಿ ಯಾವುದಾದರೂ ಓಡಿಸಿ, ಬಂದ ಅಂಕ ನೋಡಿ ಸಮಾಧಾನಪಟ್ಟುಕೊಳ್ಳುವುದು. ನಮ್ಮ ಪುಟಕ್ಕೂ ಲೈಟ್‌ಹೌಸ್‌ನಲ್ಲಿ 90ರ ಮೇಲೆ ಅಂಕ ಬಂದಿತ್ತು. ಗುತ್ತಿಗೆದಾರರ ವರದಿಯ ಮೊದಲ ಪುಟದಲ್ಲೇ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು.

ಈ ಉಪಕರಣಗಳು ಕೆಟ್ಟವಲ್ಲ, ಆದರೆ ಅವುಗಳ ಕಣ್ಣಿಗೆ ಬೀಳುವುದು ಸ್ವಲ್ಪವೇ. 2017ರಲ್ಲಿ ಬ್ರಿಟನ್ ಸರ್ಕಾರದ ಡಿಜಿಟಲ್ ಸೇವೆಯ ತಂಡ ಬೇಕಂತಲೇ 140ಕ್ಕೂ ಹೆಚ್ಚು ತಪ್ಪುಗಳನ್ನು ತುಂಬಿದ ಒಂದು ಪುಟ ಮಾಡಿ, ಹಲವು ಉಪಕರಣಗಳಿಂದ ಪರೀಕ್ಷೆ ಮಾಡಿಸಿತು. ಎಲ್ಲಕ್ಕಿಂತ ಚೆನ್ನಾಗಿ ಹಿಡಿದ ಉಪಕರಣವೂ ಶೇ 40ರ ಆಸುಪಾಸಿನಲ್ಲಿ ನಿಂತಿತು. ಚಿತ್ರಕ್ಕೆ ಆಲ್ಟ್ ಪಠ್ಯ, ಅಂದರೆ ಚಿತ್ರದ ಬದಲು ಓದಿ ಹೇಳಲು ಬರೆದ ವಿವರ, ಇದೆಯೋ ಇಲ್ಲವೋ ಎಂದು ಉಪಕರಣ ಹೇಳುತ್ತದೆ. ಆ ಪಠ್ಯದಲ್ಲಿ ‘ಐಎಂಜಿ 0042’ ಎಂದು ಬರೆದಿದ್ದರೆ ಅದು ಅರ್ಥವಿಲ್ಲದ್ದು ಎಂದು ಅದಕ್ಕೆ ತಿಳಿಯುವುದಿಲ್ಲ.

ಹಾಗಂತ ಎಸೆಯಬೇಡಿ, ಕೊನೆಗೆ ಓಡಿಸಿ. ಮೊದಲು ಕೀಬೋರ್ಡ್, ಆಮೇಲೆ ಸ್ಕ್ರೀನ್ ರೀಡರ್, ಆಮೇಲೆ ಜೂಮ್, ಉಪಕರಣ ಕಡೆಗೆ. ಈ ಸಾಲಿನಲ್ಲಿ ಹೋದರೆ ದೂರಿನಲ್ಲಿ ಹೇಳಿದ ತೊಂದರೆ ನಿಮ್ಮ ಕೈಗೇ ತಗಲುತ್ತದೆ.

ಮೌಸನ್ನು ಡ್ರಾಯರಿಗೆ ಹಾಕಿ

ಮೌಸ್ ಪಕ್ಕಕ್ಕಿಟ್ಟರೆ ಸಾಲದು, ಕೈ ತಾನಾಗಿ ಹೋಗುತ್ತದೆ. ಡ್ರಾಯರಿಗೆ ಹಾಕಿ. ಈಗ ಟ್ಯಾಬ್ ಕೀ ಒತ್ತುತ್ತಾ ಅರ್ಜಿಯನ್ನು ಮೊದಲಿನಿಂದ ಕೊನೆಯ ತನಕ ತುಂಬಿ. ಹಿಂದಕ್ಕೆ ಹೋಗಲು ಶಿಫ್ಟ್ ಜೊತೆ ಟ್ಯಾಬ್, ಬಟನ್ ಒತ್ತಲು ಎಂಟರ್ ಅಥವಾ ಸ್ಪೇಸ್, ಪಟ್ಟಿಯಲ್ಲಿ ಓಡಾಡಲು ಬಾಣದ ಕೀಗಳು, ಪಾಪ್‌ಅಪ್ ಮುಚ್ಚಲು ಎಸ್ಕೇಪ್.

ಮೊದಲು ಗಮನಿಸಬೇಕಾದ್ದು, ನೀವು ಎಲ್ಲಿದ್ದೀರಿ ಎಂದು ಕಾಣುತ್ತಿದೆಯಾ? ಫೋಕಸ್ ಇರುವ ಜಾಗದ ಸುತ್ತ ಬ್ರೌಸರ್ ತಾನಾಗಿಯೇ ಒಂದು ಗೆರೆ ಹಾಕುತ್ತದೆ. ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಯಾರೋ ವಿನ್ಯಾಸಕಾರರು ಸ್ಟೈಲ್‌ಶೀಟಿನಲ್ಲಿ ಒಂದೇ ಸಾಲು ಬರೆದು ಅಳಿಸಿರುತ್ತಾರೆ. ಔಟ್‌ಲೈನ್ ಎಂಬ ಪದ ಹುಡುಕಿದರೆ ಸಿಗುತ್ತದೆ. ಆ ಸಾಲು ತೆಗೆಯಿರಿ, ಇಲ್ಲವೇ ಅದಕ್ಕಿಂತ ಎದ್ದು ಕಾಣುವ ಗೆರೆ ಹಾಕಿ. ಇಡೀ ಸೈಟಿಗೆ ಇಷ್ಟು ಅಗ್ಗದ ರಿಪೇರಿ ಮತ್ತೊಂದಿಲ್ಲ.

ಟ್ಯಾಬ್ ಒತ್ತುತ್ತಾ ಹೋದಾಗ ಗೆರೆ ಎಲ್ಲೋ ಮಾಯವಾಗಿಬಿಟ್ಟರೆ ಕಾಣದ ಯಾವುದೋ ಮೆನುವಿನೊಳಗೆ ಫೋಕಸ್ ಸುತ್ತುತ್ತಿದೆ ಎಂದು ಅರ್ಥ. ಬ್ರೌಸರಿನ ಕನ್ಸೋಲ್ ತೆರೆದು ‘ಡಾಕ್ಯುಮೆಂಟ್ ಡಾಟ್ ಆಕ್ಟಿವ್‌ಎಲಿಮೆಂಟ್’ ಎಂದು ಕೇಳಿದರೆ ಈಗ ಫೋಕಸ್ ಯಾವುದರ ಮೇಲಿದೆ ಎಂದು ಅದೇ ತೋರಿಸುತ್ತದೆ. ನಮ್ಮ ಪುಟದಲ್ಲಿ ಹೀಗೆ 31 ಟ್ಯಾಬ್ ಒತ್ತಿದ ಮೇಲೆ ಅರ್ಜಿಯ ಮೊದಲ ಖಾನೆ ಬಂತು. ಎಲ್ಲವೂ ಮೇಲಿನ ಮೆನುವಿನ ಕೊಂಡಿಗಳು. ‘ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಕೊಂಡಿ ಇತ್ತು, ಒತ್ತಿದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಅದು ತೋರಿಸುತ್ತಿದ್ದ ಐಡಿ, ಅಂದರೆ ಕೋಡಿನಲ್ಲಿ ಆ ಜಾಗಕ್ಕೆ ಕೊಡುವ ಗುರುತಿನ ಹೆಸರು, ಪುಟದಲ್ಲೇ ಇರಲಿಲ್ಲ.

ಮೌಸಿಗೆ ಸಿಕ್ಕಿ ಟ್ಯಾಬಿಗೆ ಸಿಗದ ಬಟನ್ ಇದ್ದರೆ ಕೋಡ್ ನೋಡಿ. ಬಟನ್ ಎಂಬ ಟ್ಯಾಗ್ ಬದಲು ಡಿವ್ ಅಥವಾ ಸ್ಪ್ಯಾನ್ ಎಂಬ ಬರೀ ಡಬ್ಬಿಯ ಟ್ಯಾಗಿಗೆ ಬಣ್ಣ ಬಳಿದು ಬಟನ್ ವೇಷ ಹಾಕಿಸಿರುತ್ತಾರೆ. ಇಲ್ಲೊಂದು ಮೋಸ ಇದೆ. ಎನ್‌ವಿಡಿಎ ಓದುವ ಕ್ರಮದಲ್ಲಿದ್ದಾಗ ಇಂತಹ ಡಿವ್ ಮೇಲೆ ಎಂಟರ್ ಒತ್ತಿದರೆ ಅದು ಕ್ಲಿಕ್ ಕಳಿಸಿಬಿಡುತ್ತದೆ, ಕೆಲಸ ಆಗುತ್ತದೆ. ಹಾಗಾಗಿ ‘ಸ್ಕ್ರೀನ್ ರೀಡರಿನಲ್ಲಿ ಬರ್ತಿದೆ’ ಎಂದು ಪಾಸ್ ಮಾಡಿಬಿಡುತ್ತಾರೆ. ಕೈ ನಡುಗುವ ಕಾರಣಕ್ಕೆ ಮೌಸ್ ಹಿಡಿಯಲಾಗದೆ ಬರೀ ಕೀಬೋರ್ಡ್ ಬಳಸುವವರಿಗೆ ಆ ಬಟನ್ ಇಲ್ಲವೇ ಇಲ್ಲ. ಡಿವ್‌ಗೆ ರೋಲ್ ಕೊಟ್ಟು, ಟ್ಯಾಬ್‌ಇಂಡೆಕ್ಸ್ ಕೊಟ್ಟು, ಎಂಟರ್ ಸ್ಪೇಸ್ ಎರಡಕ್ಕೂ ಸ್ಕ್ರಿಪ್ಟ್ ಬರೆದು ಒದ್ದಾಡುವ ಬದಲು ನಿಜವಾದ ಬಟನ್ ಹಾಕಿ. ಎಲ್ಲವೂ ಪುಕ್ಕಟೆ ಬರುತ್ತದೆ.

ಈಗ ಕ್ಯಾಲೆಂಡರ್. ಜನ್ಮ ದಿನಾಂಕದ ಖಾನೆಗೆ ಹೋದರೆ ಕ್ಯಾಲೆಂಡರ್ ತೆರೆಯಿತು, ಬಾಣದ ಕೀಗಳಿಗೆ ಅಲುಗಾಡಲಿಲ್ಲ. ಟೈಪ್ ಮಾಡಲು ಹೋದರೆ ಬಿಡಲಿಲ್ಲ. ‘ಜನ ತಪ್ಪು ತಪ್ಪಾಗಿ ದಿನಾಂಕ ಬರೀತಾರೆ, ಅದಕ್ಕೇ ಲಾಕ್ ಮಾಡಿದ್ವಿ’ ಎಂದರು ಕೋಡ್ ಬರೆದವರು. ಮೌಸ್ ಇದ್ದವರ ಪಾಡೂ ಏನು ಸುಖವಲ್ಲ. 1962ರಲ್ಲಿ ಹುಟ್ಟಿದವರು ತಿಂಗಳು ತಿಂಗಳಾಗಿ ಹಿಂದಕ್ಕೆ ಒತ್ತುತ್ತಾ ಕೂರಬೇಕಿತ್ತು. ಹುಟ್ಟಿದ ದಿನ ಎಲ್ಲರಿಗೂ ಬಾಯಲ್ಲೇ ಇರುತ್ತದೆ, ಅದಕ್ಕೆ ಕ್ಯಾಲೆಂಡರ್ ಯಾಕೆ? ದಿನ, ತಿಂಗಳು, ವರ್ಷ ಎಂದು ಮೂರು ಸಣ್ಣ ಖಾನೆ ಕೊಟ್ಟೆವು. ತಪ್ಪಿದ್ದರೆ ಆಮೇಲೆ ಹೇಳಿದರಾಯಿತು.

ಸ್ಕ್ರೀನ್ ರೀಡರ್ ಹಾಕಿಕೊಂಡು ಕೂರಿ

ಎನ್‌ವಿಡಿಎ ಉಚಿತ, ವಿಂಡೋಸ್‌ನಲ್ಲಿ ಐದು ನಿಮಿಷದಲ್ಲಿ ಹಾಕಬಹುದು. ಮೊದಲ ಸಲ ಹಾಕಿದಾಗ ಅದರ ಮಾತಿನ ವೇಗಕ್ಕೆ ತಲೆ ಕೆಡುತ್ತದೆ, ಭಯಪಡಬೇಡಿ. ಅದರ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಎಂಬುದಿದೆ. ಅದನ್ನು ತೆರೆದರೆ ಮಾತೆಲ್ಲ ಅಕ್ಷರವಾಗಿ ಒಂದು ಕಿಟಕಿಯಲ್ಲಿ ಬೀಳುತ್ತದೆ. ವರದಿಗೆ ಅಲ್ಲಿಂದಲೇ ನಕಲು ಮಾಡಿಕೊಳ್ಳಬಹುದು. ‘ಸರಿಯಾಗಿ ಓದುತ್ತಿಲ್ಲ’ ಎಂದು ಬರೆಯುವುದಕ್ಕೂ ‘ಎಡಿಟ್, ರೀಡ್ ಓನ್ಲಿ, ಬ್ಲ್ಯಾಂಕ್’ ಎಂದು ಬರೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದನ್ನು ಓದಿದ ಡೆವಲಪರ್ ಜಗಳಕ್ಕೆ ಬರುತ್ತಾರೆ, ಎರಡನೆಯದನ್ನು ಓದಿದವರು ಕೋಡ್ ತೆರೆಯುತ್ತಾರೆ.

ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಕೊಂಡಿಗಳು, ಶೀರ್ಷಿಕೆಗಳು, ಖಾನೆಗಳು, ಬಟನ್‌ಗಳು ಪಟ್ಟಿಯಾಗಿ ಬರುತ್ತವೆ. ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಕೂರುವುದಿಲ್ಲ, ಎಚ್ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಆ ಪಟ್ಟಿಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಹದಿನಾಲ್ಕು ಸಲ ಬಂದರೆ ಯಾವುದನ್ನು ಒತ್ತುವುದು? ಸರ್ಕಾರಿ ಸೈಟಿನ ಸುತ್ತೋಲೆಗಳ ಪುಟ ತೆರೆದು ಒಮ್ಮೆ ಈ ಪಟ್ಟಿ ನೋಡಿ, ಗೊತ್ತಾಗುತ್ತದೆ.

ನಮ್ಮ ಅರ್ಜಿಯ ವಿಷಯಕ್ಕೆ ಬಂದರೆ, ಎಫ್ ಒತ್ತುತ್ತಾ ಖಾನೆಯಿಂದ ಖಾನೆಗೆ ಹೋದೆ. ‘ಎಡಿಟ್, ಬ್ಲ್ಯಾಂಕ್. ಎಡಿಟ್, ಬ್ಲ್ಯಾಂಕ್. ಕಾಂಬೋ ಬಾಕ್ಸ್, ಸೆಲೆಕ್ಟ್.’ ಕಣ್ಣಿಗೆ ಮಾತ್ರ ಎಲ್ಲ ಚೆಂದ. ಖಾನೆಯ ಪಕ್ಕದಲ್ಲೇ ‘ತಂದೆಯ ಹೆಸರು’ ಎಂದು ಬರೆದಿತ್ತು. ಆದರೆ ಆ ಬರಹಕ್ಕೂ ಖಾನೆಗೂ ನಂಟೇ ಇರಲಿಲ್ಲ. ಲೇಬಲ್ ಟ್ಯಾಗಿನ ‘ಫಾರ್’ನಲ್ಲಿ ಖಾನೆಯ ಐಡಿ ಹಾಕಬೇಕು, ಅಷ್ಟೇ ಕೆಲಸ. ಸರಿ ಹೋಗಿದೆಯಾ ಎಂದು ನೋಡಲು ಸ್ಕ್ರೀನ್ ರೀಡರ್ ಕೂಡ ಬೇಡ: ಬರಹದ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ಖಾನೆಯೊಳಗೆ ಕೂತರೆ ನಂಟು ಇದೆ. ಖಾನೆಯೊಳಗೆ ತೆಳುವಾಗಿ ಕಾಣುವ ಪ್ಲೇಸ್‌ಹೋಲ್ಡರ್ ಅನ್ನೇ ಲೇಬಲ್ ಎಂದುಕೊಂಡವರೂ ಇದ್ದಾರೆ. ಟೈಪ್ ಮಾಡಲು ಶುರು ಮಾಡಿದ ಕೂಡಲೇ ಅದು ಮಾಯ. ನೆನಪಿನ ಶಕ್ತಿ ಕಡಿಮೆ ಇರುವವರಿಗೆ ತಾವು ಏನು ತುಂಬುತ್ತಿದ್ದೇವೆ ಎಂದೇ ಮರೆತುಹೋಗುತ್ತದೆ.

ಇನ್ನು ನಿಜವಾದ ಕಳ್ಳ, ಸದ್ದಿಲ್ಲದ ತಪ್ಪು ಸಂದೇಶ. ಸಲ್ಲಿಸು ಒತ್ತಿದಾಗ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿಯಲ್ಲಿ ‘ಕಡ್ಡಾಯ ಖಾನೆಗಳನ್ನು ತುಂಬಿ’ ಎಂದು ಬರುತ್ತಿತ್ತು. ದಿನಾಂಕದ ಖಾನೆಯ ಅಂಚು ಕೆಂಪಾಗುತ್ತಿತ್ತು. ಫೋಕಸ್ ಆ ಖಾನೆಗೆ ಹೋಗುತ್ತಿತ್ತು, ಇದೊಂದು ಒಳ್ಳೆಯ ಕೆಲಸ. ಆದರೆ ಕೆಂಪು ಪಟ್ಟಿ ಮಾತಾಡುವುದಿಲ್ಲ, ಕೆಂಪು ಅಂಚೂ ಮಾತಾಡುವುದಿಲ್ಲ. ಕೆಂಪು ಹಸಿರು ಬೇರೆ ಮಾಡಿ ಗುರುತಿಸಲಾಗದವರಿಗೆ ಕಣ್ಣಿದ್ದೂ ಅದು ಕಾಣುವುದಿಲ್ಲ.

ಸರಿಪಡಿಸಿದ್ದು ಹೀಗೆ. ಪ್ರತಿ ಖಾನೆಯ ಕೆಳಗೆ ಅದರದ್ದೇ ತಪ್ಪನ್ನು ಮಾತಿನಲ್ಲಿ ಬರೆದೆವು: ‘ಹುಟ್ಟಿದ ವರ್ಷ ಬರೆದಿಲ್ಲ. ನಾಲ್ಕು ಅಂಕಿಯಲ್ಲಿ ಬರೆಯಿರಿ.’ ಆ ಬರಹವನ್ನು, ಸ್ಕ್ರೀನ್ ರೀಡರಿನಂಥವುಗಳಿಗೆಂದು ಕೋಡಿನಲ್ಲಿ ಹಾಕುವ ಏರಿಯಾ ಗುರುತುಗಳಲ್ಲೊಂದಾದ ‘ಏರಿಯಾ ಡಿಸ್‌ಕ್ರೈಬ್ಡ್‌ಬೈ’ ಮೂಲಕ ಖಾನೆಗೆ ಕಟ್ಟಿದೆವು, ಖಾನೆಗೆ ‘ಏರಿಯಾ ಇನ್‌ವ್ಯಾಲಿಡ್’ ಗುರುತು ಹಾಕಿದೆವು. ನೆತ್ತಿಯ ಮೇಲಿನ ಪಟ್ಟಿಯಲ್ಲಿ ಎಲ್ಲ ತಪ್ಪುಗಳನ್ನೂ ಕೊಂಡಿಗಳಾಗಿ ಜೋಡಿಸಿ, ಸಲ್ಲಿಸು ಒತ್ತಿದಾಗ ಫೋಕಸ್ ಮೊದಲು ಅಲ್ಲಿಗೆ ಹೋಗುವಂತೆ ಮಾಡಿದೆವು. ಈಗ ಸ್ಪೀಚ್ ವ್ಯೂವರಿನಲ್ಲಿ ಬಿದ್ದ ಸಾಲು: ‘ಎರಡು ತಪ್ಪುಗಳಿವೆ. ಲಿಂಕ್, ಹುಟ್ಟಿದ ವರ್ಷ ಬರೆದಿಲ್ಲ.’

ಒಂದು ಎಚ್ಚರ. ತಪ್ಪು ಸಂದೇಶ ತಾನಾಗಿ ಕೇಳಿಸಲಿ ಎಂದು ಲೈವ್ ರೀಜನ್ ಹಾಕುವುದುಂಟು, ಒಳಗೆ ಹೊಸ ಮಾತು ಬಿದ್ದರೆ ಸ್ಕ್ರೀನ್ ರೀಡರ್ ಓದಿ ಹೇಳುವ ಡಬ್ಬಿ ಅದು. ಆ ಡಬ್ಬಿ ಪುಟ ತೆರೆದಾಗಲೇ ಖಾಲಿಯಾಗಿ ಕೂತಿರಬೇಕು, ಆಮೇಲೆ ಅದರೊಳಗೆ ಮಾತು ಹಾಕಬೇಕು. ಡಬ್ಬಿಯನ್ನೂ ಮಾತನ್ನೂ ಒಟ್ಟಿಗೇ ತಂದು ಸುರಿದರೆ ಎಷ್ಟೋ ಸಲ ಸ್ಕ್ರೀನ್ ರೀಡರ್ ಬಾಯೇ ಬಿಡುವುದಿಲ್ಲ. ‘ನಾವು ಹಾಕಿದ್ದೀವಲ್ಲ’ ಎನ್ನುವ ತಂಡಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ.

ಕನ್ನಡ ಪುಟ, ಇಂಗ್ಲಿಷ್ ದನಿ

ಲಕ್ಷಣ: ಖಾನೆಗಳಿಗೆ ಹೆಸರು ಕೊಟ್ಟ ಮೇಲೂ ಸ್ಕ್ರೀನ್ ರೀಡರ್ ಕನ್ನಡವನ್ನು ನುಂಗುತ್ತದೆ, ಇಲ್ಲವೇ ಅರ್ಥವಾಗದ ಸದ್ದು ಮಾಡುತ್ತದೆ.

ಪುಟದ ಮೂಲ ಕೋಡಿನ ಮೊದಲ ಸಾಲುಗಳನ್ನು ನೋಡಿ. ಅಲ್ಲಿ ಲ್ಯಾಂಗ್ ಎಂಬಲ್ಲಿ ‘ಇಎನ್’ ಎಂದಿದ್ದರೆ ಪುಟ ತನ್ನನ್ನು ತಾನು ಇಂಗ್ಲಿಷ್ ಎಂದು ಹೇಳಿಕೊಂಡಿದೆ. ಸ್ಕ್ರೀನ್ ರೀಡರ್ ನಂಬಿ ಇಂಗ್ಲಿಷ್ ದನಿ ಎತ್ತಿಕೊಳ್ಳುತ್ತದೆ. ಕನ್ನಡ ಪುಟಕ್ಕೆ ‘ಕೆಎನ್’ ಬೇಕು. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ದನಿಗೆ ಕನ್ನಡ ಬರುತ್ತದೆ. ಯಂತ್ರದ ದನಿ, ಕೇಳಲು ಹಿತವಲ್ಲ, ಆದರೆ ಅರ್ಥವಾಗುತ್ತದೆ. ಎರಡು ಭಾಷೆಯ ಸೈಟುಗಳಲ್ಲಿ ಭಾಷೆ ಬದಲಿಸುವ ಬಟನ್ ಒತ್ತಿದಾಗ ಪಠ್ಯ ಮಾತ್ರ ಬದಲಾಗಿ ಈ ಗುರುತು ಹಾಗೇ ಉಳಿಯುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು.

ಇದರ ತಮ್ಮನೊಬ್ಬನಿದ್ದಾನೆ. ಬಟನ್ ಮೇಲೆ ‘ಸಲ್ಲಿಸು’ ಎಂದು ಕಾಣುತ್ತದೆ, ಒಳಗಿನ ಏರಿಯಾ ಲೇಬಲ್ ‘ಸಬ್ಮಿಟ್ ಫಾರ್ಮ್’ ಎಂದು ಇಂಗ್ಲಿಷಿನಲ್ಲೇ ಉಳಿದಿದೆ. ಕೇಳುವವರಿಗೆ ಒಂದು, ನೋಡುವವರಿಗೆ ಇನ್ನೊಂದು. ಮಾತಿನಿಂದಲೇ ಕಂಪ್ಯೂಟರ್ ನಡೆಸುವವರು ಕಾಣುವ ಹೆಸರನ್ನು ಹೇಳಿದರೆ ಬಟನ್ ಓಗೊಡುವುದಿಲ್ಲ. ಬ್ರೌಸರಿನ ಇನ್‌ಸ್ಪೆಕ್ಟರಿನಲ್ಲಿ ಆಕ್ಸೆಸಿಬಿಲಿಟಿ ಭಾಗ ತೆರೆದು ‘ನೇಮ್’ ಎಂಬ ಸಾಲನ್ನು ನೋಡಿದರೆ ಇದು ಒಂದು ಕ್ಷಣದಲ್ಲಿ ಸಿಗುತ್ತದೆ.

ಕ್ಯಾಪ್ಚಾ ಮತ್ತು ಗಡಿಯಾರ

ದಿನಾಂಕ ಸರಿ ಮಾಡಿ, ಲೇಬಲ್ ಹಾಕಿ, ಮತ್ತೆ ನೋಡಿ ಎಂದು ಅವರಿಗೆ ಹೇಳಿದೆವು. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ‘ಈಗ ಲಾಗಿನ್ ಪುಟಕ್ಕೆ ಎಸೀತಿದೆ ಸರ್.’

ಸೆಷನ್, ಅಂದರೆ ಒಮ್ಮೆ ಲಾಗಿನ್ ಆದರೆ ಒಳಗಿರಲು ಬಿಡುವ ಸಮಯ, 10 ನಿಮಿಷಕ್ಕೆ ಮುಗಿಯುತ್ತಿತ್ತು. ನಾನು ಮೌಸ್ ಹಿಡಿದು ಆರು ನಿಮಿಷದಲ್ಲಿ ತುಂಬುವ ಅರ್ಜಿಗೆ ಅವರಿಗೆ ಇಪ್ಪತ್ತು ನಿಮಿಷ ಬೇಕು. ಸಮಯ ಮುಗಿಯುತ್ತಿದೆ ಎಂಬ ಎಚ್ಚರಿಕೆ ಇರಲಿಲ್ಲ, ತುಂಬಿದ್ದೆಲ್ಲ ನೀರುಪಾಲು. ಅಂಗವಿಕಲರೂ ಬಳಸುವಂತೆ ವೆಬ್‌ಸೈಟ್ ಹೇಗಿರಬೇಕು ಎಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ರೂಪಿಸಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ ಇದಕ್ಕೊಂದು ದಾರಿ ಇದೆ: ಮುಗಿಯುವ ಮೊದಲು ಎಚ್ಚರಿಸಬೇಕು, ಒಂದು ಸುಲಭದ ಕೆಲಸದಿಂದ ಸಮಯ ಮುಂದೂಡಲು ಕನಿಷ್ಠ 20 ಸೆಕೆಂಡ್ ಕೊಡಬೇಕು, ಹೀಗೆ ಕನಿಷ್ಠ ಹತ್ತು ಸಲ ಮುಂದೂಡಲು ಬಿಡಬೇಕು. ಭದ್ರತಾ ತಂಡದ ಜೊತೆ ಎರಡು ಸಭೆ ಆದವು. ಕೊನೆಗೆ ಎಚ್ಚರಿಕೆಯ ಪೆಟ್ಟಿಗೆ ಬಂತು, ಕರಡು ತಾನಾಗಿ ಉಳಿಯುವ ವ್ಯವಸ್ಥೆಯೂ ಬಂತು. ಎರಡನೆಯದರಿಂದ ಎಲ್ಲರಿಗೂ ಲಾಭವಾಯಿತು, ನೆಟ್ ಆಗಾಗ ಕೈಕೊಡುವವರಿಗೂ.

ಕ್ಯಾಪ್ಚಾ ಬಗ್ಗೆ ಜಾಸ್ತಿ ಹೇಳಿದರೆ ಕೋಪ ಬರುತ್ತದೆ. ಸೊಟ್ಟ ಅಕ್ಷರದ ಚಿತ್ರವನ್ನು ಸ್ಕ್ರೀನ್ ರೀಡರ್ ಓದಲಾರದು. ಅದನ್ನು ಓದಬಾರದು ಎಂದೇ ತಾನೇ ಮಾಡಿರುವುದು? ಧ್ವನಿಯ ಕ್ಯಾಪ್ಚಾ ಇಟ್ಟರೆ ಕಣ್ಣು, ಕಿವಿ ಎರಡೂ ಇಲ್ಲದವರು ಹೊರಗುಳಿಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2, ಲಾಗಿನ್ ಆಗಲು ಒಗಟು ಬಿಡಿಸುವುದು ಅಥವಾ ನೆನಪಿನಿಂದ ಬರೆಯುವುದೇ ಏಕೈಕ ದಾರಿ ಆಗಿರಬಾರದು ಎನ್ನುತ್ತದೆ. ಒಟಿಪಿ ಖಾನೆಯಲ್ಲಿ ಪೇಸ್ಟ್ ಮಾಡಲು ಬಿಡದಿರುವುದೂ ಇದೇ ಗುಂಪಿಗೆ ಸೇರಿದ ಕಾಟ. ನಮ್ಮ ಅರ್ಜಿಯಲ್ಲಿ ಒಟಿಪಿ ಹಾಕಿ ಒಳಗೆ ಬಂದವರಿಗೆ ಮತ್ತೆ ಕ್ಯಾಪ್ಚಾ ತೋರಿಸುತ್ತಿದ್ದರು. ಯಾಕೆ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ತೆಗೆದೆವು.

ಬೇರೆ ದೂರುಗಳು, ಬೇಗ ಬೇಗ

‘ಅಕ್ಷರ ಕಾಣಲ್ಲ’ ಎಂದು ಬಂದರೆ ಮೊದಲು ಬಣ್ಣ ಅಳೆಯಿರಿ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ವ್ಯತ್ಯಾಸ ಬೇಕು. ಬಿಳಿಯ ಮೇಲೆ 777777 ಎಂಬ ಸಂಕೇತದ ಬೂದು ಬಣ್ಣ 4.48ಕ್ಕೆ ನಿಂತು ಫೇಲ್ ಆಗುತ್ತದೆ, 767676 ಕೂದಲೆಳೆಯಲ್ಲಿ ಪಾಸ್. ಇದು ಉಪಕರಣಗಳು ಚೆನ್ನಾಗಿ ಹಿಡಿಯುವ ತಪ್ಪುಗಳಲ್ಲೊಂದು. ವೆಬ್‌ಏಮ್ ಸಂಸ್ಥೆ 2024ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ನೋಡಿದಾಗ ಶೇ 81ರಲ್ಲಿ ಮಸುಕು ಅಕ್ಷರ ಸಿಕ್ಕಿತು.

‘ದೊಡ್ಡದು ಮಾಡಿದರೆ ಕೆಡುತ್ತದೆ’ ಎಂದು ಬಂದರೆ 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಜೂಮನ್ನು ಶೇ 400ಕ್ಕೆ ಏರಿಸಿ. ಅದು 320 ಪಿಕ್ಸೆಲ್ ಅಗಲದ ಪರದೆಗೆ ಸಮ. ಓದಲು ಎಡಕ್ಕೆ ಬಲಕ್ಕೆ ಎಳೆದಾಡಬೇಕಾದರೆ ತಪ್ಪು. ಮೇಲೆ ಅಂಟಿಕೊಂಡಿರುವ ಲಾಂಛನ, ಫೋಟೋ, ಮೆನುಗಳ ಪಟ್ಟಿ ಅರ್ಧ ಪರದೆ ತಿನ್ನುವುದು ಇಲ್ಲೇ ಗೊತ್ತಾಗುವುದು. ಎ ಪ್ಲಸ್, ಎ ಮೈನಸ್ ಬಟನ್‌ಗಳನ್ನು ನಂಬಬೇಡಿ. ನಾನು ನೋಡಿದ ಹಲವು ಕಡೆ ಅವು ಶೀರ್ಷಿಕೆಯನ್ನು ಮಾತ್ರ ದೊಡ್ಡದು ಮಾಡುತ್ತವೆ.

‘ಬೆರಳಿಗೆ ಸಿಗಲ್ಲ’ ಎಂದರೆ ಗುರಿಯ ಅಳತೆ ನೋಡಿ, ಕನಿಷ್ಠ 24ಕ್ಕೆ 24 ಪಿಕ್ಸೆಲ್. ಕಿವಿ ಕೇಳದವರ ದೂರು ಬರುವುದೇ ಕಡಿಮೆ. ತೊಂದರೆ ಇಲ್ಲ ಎಂದಲ್ಲ, ದೂರು ಕೊಡಲು ಇರುವುದೇ ಒಂದು ಫೋನ್ ನಂಬರ್. ಮಿಂಚಂಚೆ, ಸಂದೇಶದ ದಾರಿ ಇದೆಯಾ ಎಂದು ಮೊದಲು ನೋಡಿ. ವಿಡಿಯೊಗಳಿಗೆ ತಾನಾಗಿ ಬರುವ ಅಡಿಬರಹ ಹಾಕಿ ಕೈತೊಳೆದುಕೊಂಡಿದ್ದರೆ ಹಣದ ಮೊತ್ತ, ಕೊನೆಯ ದಿನಾಂಕ ಬರುವ ಜಾಗದಲ್ಲಿ ನಿಲ್ಲಿಸಿ ಓದಿ. ತಪ್ಪು ಅಲ್ಲೇ ಕೂತಿರುತ್ತದೆ.

ಅಡ್ಡದಾರಿಗಳು

ದೂರು ಜೋರಾದಾಗ ಯಾರಾದರೂ ಒಬ್ಬರು ಸಭೆಯಲ್ಲಿ ಹೇಳುತ್ತಾರೆ: ‘ಒಂದು ವಿಜೆಟ್ ಬರುತ್ತೆ, ಒಂದೇ ಸಾಲಿನ ಕೋಡ್, ಎಲ್ಲ ಸರಿ ಹೋಗುತ್ತೆ.’ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರ ಇರುವ ಬಟನ್ ಅದು. ಹೆಸರಿಲ್ಲದ ಖಾನೆಗೆ ಅದು ಸರಿಯಾದ ಹೆಸರು ಎಲ್ಲಿಂದ ತರುತ್ತದೆ? ಎಷ್ಟೋ ಸಲ ಬಳಸುವವರ ಸ್ವಂತ ಸ್ಕ್ರೀನ್ ರೀಡರ್ ಜೊತೆ ಜಗಳಕ್ಕೇ ನಿಲ್ಲುತ್ತದೆ. 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ತನ್ನ ವಿಜೆಟ್ ಯಾವ ಸೈಟನ್ನಾದರೂ ಮಾರ್ಗಸೂಚಿಗೆ ಒಗ್ಗಿಸುತ್ತದೆ ಎಂದು ಹೇಳಿಕೊಂಡಿದ್ದ ಒಂದು ಕಂಪನಿಯಿಂದ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು.

‘ಅಂಗವಿಕಲರಿಗೆ ಬೇರೆ ಪುಟ’ ಎಂಬುದು ಇನ್ನೊಂದು. ಮೊದಲ ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಅಸಲಿ ಪುಟದಲ್ಲಿ ಕೊನೆಯ ದಿನಾಂಕ ಬದಲಾಗುತ್ತದೆ, ಇದರಲ್ಲಿ ಬದಲಾಗುವುದಿಲ್ಲ.

‘ಇಷ್ಟೆಲ್ಲ ಮಾಡಲು ವರ್ಷ ಬೇಕು’ ಎಂಬ ಮಾತೂ ಬರುತ್ತದೆ. ಅದಕ್ಕೆ ನಾನು ಒಂದು ಹಳೆಯ ಪ್ರಕರಣ ಹೇಳುತ್ತೇನೆ. 2000ದ ಸಿಡ್ನಿ ಒಲಿಂಪಿಕ್ಸ್ ವೆಬ್‌ಸೈಟನ್ನು ಓದಲಾಗುತ್ತಿಲ್ಲ ಎಂದು ಬ್ರೂಸ್ ಮಗ್ವಾಯರ್ ಎಂಬ, ಕಣ್ಣು ಕಾಣದವರು ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಚಿತ್ರಗಳಿಗೆ ಆಲ್ಟ್ ಪಠ್ಯ ಇಲ್ಲದಿರುವುದೂ ಅವರ ತಕರಾರಿನಲ್ಲಿತ್ತು. ಸಂಘಟನಾ ಸಮಿತಿಯೂ ವರ್ಷ ಹಿಡಿಯುತ್ತದೆ, ಖರ್ಚು ಲಕ್ಷಗಟ್ಟಲೆ ಎಂದೇ ವಾದಿಸಿತ್ತು. ಆಯೋಗ ಒಪ್ಪಲಿಲ್ಲ. 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ಇವತ್ತು ಕಾನೂನೂ ದೂರು ಕೊಟ್ಟವರ ಕಡೆಗೇ ಇದೆ: ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಯುರೋಪಿನಲ್ಲಿ ಅದೇ ವರ್ಷದ ನಿರ್ದೇಶನ, ಬ್ರಿಟನ್ನಿನಲ್ಲಿ 2018ರ ನಿಯಮ. ಆದರೆ ನನ್ನ ಅನುಭವದಲ್ಲಿ ಡೆವಲಪರ್‌ಗಳು ಕಾನೂನಿಗಿಂತ ಸ್ಪೀಚ್ ವ್ಯೂವರಿನ ಆ ಒಂದು ಸಾಲಿಗೆ ಬೇಗ ಬಗ್ಗುತ್ತಾರೆ.

ದೂರು ಮುಚ್ಚುವ ಮೊದಲು

ಸರಿಪಡಿಸಿದೆವು ಎಂದು ತಂಡ ಹೇಳಿದರೆ ದೂರು ಮುಚ್ಚಬೇಡಿ. ದೂರು ಕೊಟ್ಟವರು ಅದೇ ಸಾಧನದಲ್ಲಿ ಅರ್ಜಿ ಸಲ್ಲಿಸಿ, ಸಂಖ್ಯೆ ಬಂತು ಎಂದ ಮೇಲೆ ಮುಚ್ಚಿ. ಆಮೇಲೆ ಅದೇ ದಾರಿಯನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಿ: ಮೌಸ್ ಇಲ್ಲದೆ ಒಂದು ಅರ್ಜಿ, ಬೇಕಂತಲೇ ಎರಡು ತಪ್ಪು ಮಾಡಿ ಒಂದು ಅರ್ಜಿ. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಕ್ಯಾಲೆಂಡರ್ ವಾಪಸ್ ಬರುವ ಚಾಳಿ ಇದೆ. ಗುತ್ತಿಗೆಯಲ್ಲೇ ಇದನ್ನು ಬರೆಸಿಬಿಟ್ಟರೆ ವಾದ ಕಡಿಮೆ.

ನಮ್ಮವರು ಅರ್ಜಿ ಸಲ್ಲಿಸಿದರು. ಸಂಖ್ಯೆ ಬಂತು ಎಂದು ಫೋನ್ ಮಾಡಿದರು. ನಾನು ಖುಷಿಯಲ್ಲಿ ದೂರು ಮುಚ್ಚಲು ಹೊರಟಿದ್ದೆ, ಅಷ್ಟರಲ್ಲಿ ಅವರೇ ಅಂದರು: ‘ಸ್ವೀಕೃತಿ ಪತ್ರ ಡೌನ್‌ಲೋಡ್ ಆಯ್ತು ಸರ್. ತೆರೆದರೆ ಏನೂ ಓದ್ತಿಲ್ಲ.’

ಪಿಡಿಎಫ್ ತೆರೆದು ಕಂಟ್ರೋಲ್ ಜೊತೆ ಎ ಒತ್ತಿದೆ. ಅಕ್ಷರಗಳು ನೀಲಿಯಾದರೆ ಅದು ಪಠ್ಯ, ಏನೂ ಆಗದಿದ್ದರೆ ಬರೀ ಚಿತ್ರ. ಇದರಲ್ಲಿ ನೀಲಿಯಾಯಿತು. ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿದೆ. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಿತ್ತು. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ಹಳೆಯ ಫಾಂಟ್. ಕಣ್ಣಿಗೆ ಮುದ್ದಾದ ಕನ್ನಡ, ಒಳಗೆ ಬೇರೇನೋ. ಅರ್ಜಿಯ ಪುಟವನ್ನೆಲ್ಲ ಯೂನಿಕೋಡಿಗೆ ತಂದವರು ಪತ್ರ ಮುದ್ರಿಸುವ ಹಳೆಯ ಅಚ್ಚನ್ನು ಮರೆತಿದ್ದರು. ಯೂನಿಕೋಡಿಗೆ ತಂದರೂ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಆಚೀಚೆ ಆಗುವುದುಂಟು. ಅದಕ್ಕೆ ಸ್ವೀಕೃತಿಯನ್ನು ಮೊದಲು ಸಾಮಾನ್ಯ ವೆಬ್ ಪುಟವಾಗಿ ತೋರಿಸಿ, ಬೇಕಾದವರಿಗೆ ಪಿಡಿಎಫ್ ಕೊಡೋಣ ಎಂದು ಬರೆದು ಹೊಸ ದೂರು ತೆರೆದೆ. ಲಕ್ಷಣದ ಜಾಗದಲ್ಲಿ ಅವರ ಮಾತನ್ನೇ ಹಾಕಿದೆ: ‘ತೆರೆದರೆ ಏನೂ ಓದ್ತಿಲ್ಲ.’ ಅದರ ಕೆಳಗೆ ನೋಟ್‌ಪ್ಯಾಡಿನಲ್ಲಿ ಬಿದ್ದ ಸಾಲನ್ನು ಹಾಗೆಯೇ ಅಂಟಿಸಿದೆ.